ಸೂರಿಲ್ಲದ ಕಾರಿಗೆ ಆರು ಸ್ಪೀಕರ್

ಬಾಯಿಬಿಟ್ಟು ಒಂದು ಮಾತು ಕೇಳುವಷ್ಟು ಕಷ್ಟದ ಕೆಲಸ ಕಾಫಿ ಸೀಮೆಯಲ್ಲಿ ಇನ್ನೊಂದಿಲ್ಲ. ಜಾರುವ ಇಳಿಜಾರಿನಲ್ಲಿ ಗುಂಡಿ ತೋಡಿ ಗಿಡ ನೆಡಬಹುದು, ಕಾಂಡ ಕೊರೆಯುವ ಹುಳದ ಮೇಲೆ ವರ್ಷವಿಡೀ ಯುದ್ಧ ಮಾಡಬಹುದು, ಮೇಲೆ ಸೂರೇ ಇಲ್ಲದ ಕಾರಿಗೆ ಆರು ಸ್ಪೀಕರ್ ಹಾಕಿಸಿಕೊಂಡು ಬರಬಹುದು. ಆದರೆ ಎದುರಿಗೆ ಕೂತವರ ಮುಖ ನೋಡಿ "ನನಗೆ ಇದು ಬೇಕು" ಎನ್ನುವುದಿದೆಯಲ್ಲ, ಅದು ವಸ್ತಾರೆಯ ಪ್ಲಾಂಟರ್ ಪ್ರಸನ್ನಕುಮಾರ್ ಅವರಿಗೆ ಐವತ್ತಾರು ವರ್ಷದಲ್ಲಿ ಒಮ್ಮೆಯೂ ಸಾಧ್ಯವಾಗಿರಲಿಲ್ಲ. (ಹೆಂಡತಿ ರಶ್ಮಿಯನ್ನು "ಮದುವೆಯಾಗುತ್ತೀಯಾ" ಎಂದು ಕೇಳಿದ್ದು ಕೂಡ ಅವರಲ್ಲ, ಅವರ ಸೋದರಮಾವ.)

ಈಗ ಅವರು ಕೇಳಬೇಕಾಗಿದ್ದುದು ನಾಲ್ಕೇ ಪದ. "ಸುಭದ್ರಕ್ಕ, ವೀರೇಂದ್ರನ ಕಾರು ಮಾರಬೇಡಿ."

ವೀರೇಂದ್ರನ ತೋಟಕ್ಕೂ ಪ್ರಸನ್ನಕುಮಾರ್ ತೋಟಕ್ಕೂ ನಡುವೆ ಒಂದು ಬೇಲಿ. ಅದೂ ಹೆಸರಿಗೆ. ಒಂದನೇ ಕ್ಲಾಸಿನಿಂದ ಒಟ್ಟಿಗೆ ಇದ್ದವರು. ಐವತ್ತೈದು ತುಂಬಿದ ವರ್ಷ ವೀರೇಂದ್ರ ಬೆಂಗಳೂರಿಗೆ ಹೋದವನು ಒಂದು ಹಳೆಯ ಸ್ಪೋರ್ಟ್ಸ್ ಕಾರು ಓಡಿಸಿಕೊಂಡು ವಾಪಸು ಬಂದ. ಕುಂಕುಮದಷ್ಟು ಕೆಂಪು, ಎರಡೇ ಸೀಟು, ತಲೆ ಮೇಲೆ ಬೇಕಾದರೆ ಎಳೆದುಕೊಳ್ಳುವ ಕ್ಯಾನ್ವಾಸಿನ ಹುಡ್. "ತಲೇಲಿ ಕೂದಲು ಇದ್ದಾಗ ಮುಚ್ಕೊಂಡು ಓಡಾಡಿದ್ರು, ಎಲ್ಲ ಉದುರಿದ್ಮೇಲೆ ಗಾಳಿಗೆ ಹಾರ್ಸೋಕೆ ಹೊರಟ್ರು" ಎಂದು ರಶ್ಮಿ ಷರಾ ಬರೆದಳು. ಕಾರಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ವಸ್ತಾರೆಯಿಂದ ಚಿಕ್ಕಮಗಳೂರಿನವರೆಗಿನ ಒಂದೊಂದು ಹಂಪನ್ನೂ ಅದು ನೆಕ್ಕಿಯೇ ದಾಟುತ್ತಿತ್ತು. ಭಾನುವಾರ ಬಂತೆಂದರೆ ಗೆಳೆಯರಿಬ್ಬರೂ ಅದರಲ್ಲಿ ಹೊರಟು ಬೆಟ್ಟದ ಮೇಲಿನ ಅತ್ತಿಗುಂಡಿಯಲ್ಲಿ ಟೀ ಕುಡಿದು, ಮುಖದ ತುಂಬ ಧೂಳು ಹೊತ್ತು, ಯಾವುದೋ ರಾಜ್ಯ ಗೆದ್ದು ಬಂದವರಂತೆ ಮನೆ ಸೇರುತ್ತಿದ್ದರು.

ಹೋದ ಜೂನಿನಲ್ಲಿ ಒಂದು ಬೆಳಿಗ್ಗೆ ತೋಟದಲ್ಲಿ ಗೊಬ್ಬರ ಹಾಕಿಸುತ್ತ ನಿಂತಿದ್ದ ವೀರೇಂದ್ರ ಎದೆ ಹಿಡಿದುಕೊಂಡು ಕೂತ. ಚಿಕ್ಕಮಗಳೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅವತ್ತು ಜೀಪು ಓಡಿಸಿದ್ದು ಪ್ರಸನ್ನಕುಮಾರ್. ಆ ದಾರಿಯ ಬಗ್ಗೆ ಅವರು ಈವರೆಗೆ ಯಾರ ಹತ್ತಿರವೂ ಮಾತಾಡಿಲ್ಲ.

ತಿಥಿ ಮುಗಿದ ವಾರಕ್ಕೆ ವೀರೇಂದ್ರನ ಹೆಂಡತಿ ಸುಭದ್ರಾ ಹೇಳಿ ಕಳಿಸಿದರು. "ಪ್ರಸನ್ನಣ್ಣ, ಆ ಕಾರು ಅಂಗಳದಲ್ಲಿ ನಿಂತಿದ್ರೆ ಈಗ ಬಂದು ಹೊರಡ್ತಾರೇನೋ ಅನ್ನಿಸ್ತದೆ. ನಿಮ್ಮ ಶೆಡ್ಡಲ್ಲಿ ಸ್ವಲ್ಪ ದಿನ ಇಟ್ಕೊಳ್ತೀರಾ?" ಪ್ರಸನ್ನಕುಮಾರ್ ಅವತ್ತೇ ತಂದು ಇಟ್ಟುಕೊಂಡರು. ಈಗ, ಏಳು ತಿಂಗಳ ನಂತರ, ಕಾಫಿ ಹಣ್ಣಿನ ಕೊಯ್ಲಿನ ನಟ್ಟನಡುವೆ ಸುಭದ್ರಕ್ಕನೇ ಫೋನ್ ಮಾಡಿ, "ನಮ್ಮಣ್ಣ ದೇವರಾಜ ಬೆಂಗಳೂರಲ್ಲಿ ಒಂದು ಪಾರ್ಟಿ ನೋಡಿದಾನೆ. ಈ ತಿಂಗಳ ಕೊನೇಲಿ ಬಂದು ಕಾರು ತಗೊಂಡು ಹೋಗ್ತಾರಂತೆ" ಎಂದರು.

"ಒಳ್ಳೇದಾಯ್ತು ಸುಭದ್ರಕ್ಕ" ಎಂದರು ಪ್ರಸನ್ನಕುಮಾರ್.

ಹಾಗೆಂದು ಫೋನ್ ಇಟ್ಟವರು ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಅಕ್ಕಿರೊಟ್ಟಿ, ಬಿದಿರಕ್ಕಿ ಪಾಯಸ ಇದ್ದ ದಿನ ಗಂಡ ಊಟ ಬಿಟ್ಟನೆಂದರೆ ಅದು ಆಸ್ಪತ್ರೆಯ ವಿಷಯ, ಇಲ್ಲವೇ ಕಾರಿನ ವಿಷಯ ಎಂದು ರಶ್ಮಿಗೆ ಗೊತ್ತಾಯಿತು.

"ಬೇಡ ಅಂತ ಹೇಳ್ಬಾರ್ದಾ?"

"ಹೇಳೋಕೆ ನಾನ್ಯಾರು ಮಾರಾಯ್ತಿ? ಅವರ ಗಂಡನ ಕಾರು."

"ನಿಮ್ಮ ಫ್ರೆಂಡಿನ ಕಾರೂ ಹೌದಲ್ಲ."

"ಫ್ರೆಂಡಿಗೆ ಯಾವ ಹಕ್ಕಿದೆ? ಹೆಂಡ್ತಿಗೆ ಇದೆ, ಮಕ್ಕಳಿಗಿದೆ, ಅಣ್ಣತಮ್ಮಂದ್ರಿಗಿದೆ. ಫ್ರೆಂಡ್ ಅಂತ ಬರ್ಕೊಳ್ಳೋಕೆ ಒಂದು ಕಾಲಂ ಕೂಡ ಇರಲ್ಲ."

ರಶ್ಮಿ ಸುಮ್ಮನಾದಳು. ಅವಳು ಸುಮ್ಮನಾಗುವುದು ಅಪರೂಪ. ಆ ಅಪರೂಪದ ನಿಶ್ಶಬ್ದದಲ್ಲೇ ಪ್ರಸನ್ನಕುಮಾರ್ ಅವರಿಗೆ ಆ ಮಹಾನ್ ಉಪಾಯ ಹೊಳೆದದ್ದು. ಸುಭದ್ರಕ್ಕ ಆ ಕಾರಿನಲ್ಲಿ ಒಂದು ಸಲವೂ ಕೂತವರಲ್ಲ. "ಮೇಲೆ ಸೂರಿಲ್ಲದ ಗಾಡೀಲಿ ಕೂರೋಕೆ ನಾನೇನು ಮೆರವಣಿಗೆ ದೇವ್ರಾ?" ಎನ್ನುತ್ತಿದ್ದರು. ಒಂದು ಸಲ ಕೂತರೆ, ಬೆಳಗಿನ ಬಿಸಿಲಲ್ಲಿ, ತೋಟದ ರಸ್ತೆಯಲ್ಲಿ, ವೀರೇಂದ್ರನಿಗೆ ಪ್ರಾಣವಾಗಿದ್ದ ಆ ಹಳೇ ಹಾಡು ಚೆನ್ನಾಗಿ ಕೇಳುತ್ತಿದ್ದರೆ, ಅವರೇ ತಾವಾಗಿ ಹೇಳುತ್ತಾರೆ: ಬೇಡ, ಮಾರುವುದು ಬೇಡ. ಕೇಳುವ ಪ್ರಮೇಯವೇ ಇಲ್ಲ!

ತೊಡಕು ಒಂದೇ. ಕಾರಿನ ಸ್ಟೀರಿಯೋ ಅರ್ಧ ಸತ್ತಿತ್ತು.

ಚಿಕ್ಕಮಗಳೂರಿನ ಒಂದು ಓಣಿಯಲ್ಲಿ ಸಿದ್ದಬಸಪ್ಪನ ಅಂಗಡಿ. ಅವನ ಕೀರ್ತಿ ಗಣಪತಿ ಮೆರವಣಿಗೆಯ ಟ್ರ್ಯಾಕ್ಟರುಗಳ ಮೇಲೆ ನಿಂತಿತ್ತು. ಅವನು ಸೌಂಡ್ ಕಟ್ಟಿಕೊಟ್ಟ ಟ್ರ್ಯಾಕ್ಟರ್ ಹಾದುಹೋದರೆ ಎರಡೂ ಬದಿಯ ಹೆಂಚು ಕುಣಿಯುತ್ತಿದ್ದವು. ಅವನು ಕಾರನ್ನು ಮೂರು ಸುತ್ತು ಹಾಕಿ, ಚಪ್ಪಲಿ ಬಿಟ್ಟು, ಒಳಗೆ ಕೂತು ಆ ಹಳೇ ಹಾಡು ಹಾಕಿದ. ಪಿಟೀಲು ಬಂತು, ತಬಲ ಬಂತು, ಕೊಳಲು ಬಂತು. ಕಿವಿ ಹತ್ತಿರ ಒಯ್ದು ನೋಡಿದ.

"ಸಾರ್, ಹಾಡೋರೇ ಇಲ್ವಲ್ಲ?"

"ಹಾಡ್ತಿದ್ದೋನು ಹೋದ" ಎಂದರು ಪ್ರಸನ್ನಕುಮಾರ್.

ಸಿದ್ದಬಸಪ್ಪ ಅವರ ಮುಖ ನೋಡಿ ಸ್ಟೀರಿಯೋ ಆರಿಸಿದ.

ಸಂಗತಿ ಇಷ್ಟೇ. ಬಲಗಡೆಯ ಸ್ಪೀಕರ್ ಕೊಟ್ಟಿಗೆಹಾರದ ಒಂದೇ ಮಳೆಗೆ ನೆಂದು ಸತ್ತಿತ್ತು. ಆ ಕಾಲದ ಕೆಲವು ಹಾಡುಗಳಲ್ಲಿ ವಾದ್ಯವೆಲ್ಲ ಒಂದು ಕಡೆ, ಹಾಡುವವರ ದನಿ ಇನ್ನೊಂದು ಕಡೆ. ವೀರೇಂದ್ರನ ಪ್ರೀತಿಯ ಹಾಡೂ ಅಂಥದ್ದೇ. ಬದುಕಿದ್ದ ಎಡಗಡೆಯ ಸ್ಪೀಕರಿನಲ್ಲಿ ಬರೀ ವಾದ್ಯ. ರಿಪೇರಿ ಮಾಡಿಸೋಣ ಎಂದರೆ ವೀರೇಂದ್ರ, "ಎಂತಕ್ಕೆ ಮಾರಾಯ, ಹಾಡೋಕೆ ನಾನಿಲ್ವಾ?" ಎಂದು ಗಂಟಲು ಬಿಟ್ಟು ಹಾಡುತ್ತಿದ್ದ. ಅವನ ಶ್ರುತಿ ಅತ್ತಿಗುಂಡಿಯ ರಸ್ತೆಯ ಹಾಗೆ. ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

"ಒಳ್ಳೇದು ಹಾಕು ಸಿದ್ದಬಸಪ್ಪ. ಒಬ್ರು ಒಂದೇ ಒಂದು ಸಲ ಕೇಳೋದು. ಒಂದೇ ಸಲಕ್ಕೆ ಮನಸ್ಸು ಕರಗ್ಬೇಕು."

ಸಿದ್ದಬಸಪ್ಪ ಏನೋ ಅರ್ಥ ಮಾಡಿಕೊಂಡು ನಕ್ಕ. (ತಪ್ಪಾಗಿ ಅರ್ಥ ಮಾಡಿಕೊಂಡ ಎಂದು ಪ್ರಸನ್ನಕುಮಾರ್ ಅವರಿಗೆ ಹೊಳೆದದ್ದು ವಾಪಸು ಬರುವಾಗ, ವಸ್ತಾರೆ ದಾಟಿದ ಮೇಲೆ.) "ಸಾರ್, ಮುಚ್ಚಿದ ಕಾರಲ್ಲಿ ಸೌಂಡು ಮನೇಲಿ ಸಾಕಿದ ನಾಯಿ ಇದ್ದಂಗೆ. ಅಲ್ಲೇ ಬಿದ್ದಿರ್ತದೆ. ಓಪನ್ ಗಾಡೀಲಿ ಹಂಗಲ್ಲ, ಬಿಟ್ಟ ಕೂಡ್ಲೇ ಓಡೋಗ್ತದೆ. ಹತ್ತು ಬಿಟ್ರೆ ಎರಡು ನಿಮ್ಮ ಕಿವಿಗೆ ಸಿಗ್ತದೆ."

"ಉಳಿದ ಎಂಟು?"

"ಊರಿಗೆ."

ಹೀಗೆ ಆರು ಸ್ಪೀಕರ್ ಬಂದವು, ಒಂದು ಆಂಪ್ಲಿಫೈಯರ್ ಬಂತು, ಸೀಟಿನ ಹಿಂದೆ ಇಡಲು ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡ ಬಾಸ್ ಬಾಕ್ಸ್ ಬಂತು. ಮಡಿಸಿದ ಹುಡ್ ಕೂರುವ ಜಾಗವೂ ಅದೇ. ಸಿದ್ದಬಸಪ್ಪ ಎರಡನ್ನೂ ಸೇರಿಸಲು ಬೆವರು ಸುರಿಸಿ, ಕೊನೆಗೆ ಎದ್ದು ನಿಂತು ನ್ಯಾಯಾಧೀಶನಂತೆ ಕೇಳಿದ. "ಸಾರ್, ಹುಡ್ ಬೇಕಾ, ಬಾಸ್ ಬೇಕಾ?"

ಪ್ರಸನ್ನಕುಮಾರ್ ಜನವರಿಯ ಆಕಾಶ ನೋಡಿದರು. ಒಂದು ಮೋಡವಿಲ್ಲ. "ಬಾಸ್" ಎಂದರು.

ಹುಡ್ಡು ಗೋಣಿಚೀಲದಲ್ಲಿ ಮನೆಗೆ ಬಂತು. ಜನವರಿಯಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ ಇದೆ. ಶೆಡ್ಡಿನ ಹೆಂಚು ಸೋರುತ್ತದೆ. ಅದಕ್ಕೆ ಅವರು ಕಾಫಿ ಒಣಗಿಸುವ ಕಣದಿಂದ ಒಂದು ತಾರ್ಪಾಲು ಎತ್ತಿಕೊಂಡು ಬಂದು ಕಾರಿಗೆ ಹೊದಿಸಿದರು. ಬೆಳಿಗ್ಗೆ ರಶ್ಮಿ ಬಂದು ನೋಡಿದಳು.

"ಮೂವತ್ತು ಮೂಟೆ ಕಾಫಿ ಇಬ್ಬನೀಲಿ ನೆಂದಿದೆ. ನಿಮ್ಮ ಡಬ್ಬ ಬೆಚ್ಚಗೆ ಮಲಗಿದೆ."

"ಒಂದೇ ದಿನದ ಮಾತು ಮಾರಾಯ್ತಿ. ಇವತ್ತು ಸುಭದ್ರಕ್ಕನ್ನ ಕೂರಿಸ್ಕೊಂಡು ಒಂದು ರೌಂಡು ಹೋಗಿ ಬರ್ತೀನಿ."

"ಹೋಗಿ ಕೇಳ್ತೀರಾ?"

"ಕೇಳೋದೇ ಬೇಕಾಗಲ್ಲ ನೋಡ್ತಿರು."

"ದೇವರೇ," ಎಂದಳು ರಶ್ಮಿ, ತಾರ್ಪಾಲು ಎಳೆದುಕೊಳ್ಳುತ್ತ. "ಆರು ಬಾಯಿ ಇರೋ ಕಾರಿಗೆ ಒಂದೂ ಬಾಯಿ ಇಲ್ಲದ ಡ್ರೈವರು."

ಸುಭದ್ರಕ್ಕ ಒಪ್ಪಿದ್ದು ಪ್ರಸನ್ನಕುಮಾರ್ ಅವರಿಗೇ ಆಶ್ಚರ್ಯ. ತಲೆಗೆ ಶಾಲು ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು. "ಕೊಟ್ಟು ಕಳಿಸೋ ಮುಂಚೆ ಒಂದು ಸಲ ಕೂರ್ತೀನಿ. ಎಷ್ಟು ಸಲ ಕರೆದಿದ್ರು" ಎಂದರು. ಕೂತರು. ಸೀಟು ತಗ್ಗಿದ್ದಕ್ಕೆ "ಅಯ್ಯೋ, ಇದೇನು ನೆಲದ ಮೇಲೇ ಕೂತಂಗಾಯ್ತಲ್ಲ" ಎಂದು ಸ್ವಲ್ಪ ನಕ್ಕರು ಕೂಡ. ಪ್ರಸನ್ನಕುಮಾರ್ ಅವರ ಎದೆ ಹಗುರಾಯಿತು.

ತಮ್ಮ ತೋಟದ ನಡುವಿನ ರಸ್ತೆಗೆ ಬಂದ ಮೇಲೆ ಅವರು ಸ್ಪೀಕರಿಗೆ ಜೋಡಿಸಿದ್ದ ಮೊಬೈಲಿನಲ್ಲಿ ಆ ಹಾಡು ಒತ್ತಿದರು. ಎರಡೂ ಬದಿಯ ಇಳಿಜಾರಿನಲ್ಲಿ ಮೂವತ್ತು ಆಳು ಹಣ್ಣು ಕೊಯ್ಯುತ್ತಿದ್ದರು. ಎಲ್ಲರೂ ತಲೆಯೆತ್ತಿ ನೋಡಿದರು. ಪಿಟೀಲು ಎದ್ದಿತು, ಕೊಳಲು ತುಂಬಿತು, ಆಮೇಲೆ ಹಾಡುಗಾರರ ದನಿ ಸಿಲ್ವರ್ ಓಕ್ ಮರಗಳ ತುದಿ ಮುಟ್ಟಿ ಇಳಿಯಿತು. ಎಂಥ ದನಿ! ಒಂದು ಕಡೆಯೂ ಶ್ರುತಿ ಜಾರಲಿಲ್ಲ.

ಪ್ರಸನ್ನಕುಮಾರ್ ಕಾರು ನಿಲ್ಲಿಸಿ ಅರ್ಧ ಹಾಡು ಮುಗಿಯುವವರೆಗೂ ಕಾದರು.

"ತುಂಬ ಚೆನ್ನಾಗಿದೆ ಪ್ರಸನ್ನಣ್ಣ" ಎಂದರು ಸುಭದ್ರಕ್ಕ. "ಈ ಹಾಡು ನಿಜವಾಗಿ ಹಿಂಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನು ಇವ್ರು ಹಾಡಿದ್ದೇ ಕೇಳಿದ್ದು. ಕಾರು ಇನ್ನೂ ಆ ತಿರುವಲ್ಲಿ ಇರೋವಾಗ್ಲೇ ಅಡುಗೆಮನೇಲಿ ಕೇಳ್ತಿತ್ತು. ಬಂದ್ರು ಅಂತ ನೀರು ಕಾಯೋಕೆ ಇಡ್ತಿದ್ದೆ." ಶಾಲಿನ ತುದಿ ಬೆರಳಿಗೆ ಸುತ್ತಿಕೊಂಡರು. "ಈಗ ಇದು ಯಾರದ್ದೋ ಕಾರು ಅನ್ನಿಸ್ತದೆ. ಹಾಡು ನಿಲ್ಸಿ, ಸಾಕು."

ಪ್ರಸನ್ನಕುಮಾರ್ ಅವರಿಗೆ ಆಗ ಹೊಳೆಯಿತು. ಕಾರಿನಲ್ಲಿ ವೀರೇಂದ್ರ ಉಳಿದಿದ್ದ ಜಾಗ ಒಂದೇ, ಆ ಸತ್ತ ಸ್ಪೀಕರಿನ ಖಾಲಿ ಜಾಗ. ಅದನ್ನು ತಾವೇ ನಿಂತು ಮುಚ್ಚಿಸಿಕೊಂಡು ಬಂದಿದ್ದರು. ಹಾಡು ನಿಲ್ಲಿಸಲು ಮೊಬೈಲ್ ಕೈಗೆತ್ತಿಕೊಂಡರು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಬೆರಳು ಎಲ್ಲೆಲ್ಲೋ ಬಿತ್ತು.

ಆ ಸೀಮೆಯ ಪ್ಲಾಂಟರುಗಳ ಮೊಬೈಲಿನಲ್ಲೆಲ್ಲ ಆನೆ ಗ್ರೂಪು ಎಂದು ಒಂದು ಇರುತ್ತದೆ. ಆನೆ ಯಾವ ತೋಟದಲ್ಲಿದೆ ಎಂದು ನೋಡಿದವರು ಅದರಲ್ಲಿ ಮಾತಾಡಿ ಹಾಕುತ್ತಾರೆ. ಅದನ್ನು ಕೇಳಿ ಆಳುಗಳನ್ನು ಕೆಲಸಕ್ಕೆ ಬಿಡುವುದು. ಪ್ರಸನ್ನಕುಮಾರ್ ಅವರ ಬೆರಳು ಬಿದ್ದದ್ದು ಅಲ್ಲಿ, ಮೂಡಿಗೆರೆಯ ಆಚೆಯಿಂದ ಯಾರೋ ಮೂರು ದಿನದ ಹಿಂದೆ ಹಾಕಿದ್ದ ಮಾತಿನ ಮೇಲೆ. ಹಾಡು ನಿಂತಿತು. ಆರು ಸ್ಪೀಕರು, ಒಂದು ಬಾಸ್ ಬಾಕ್ಸ್ ಒಟ್ಟಾಗಿ ಗುಡ್ಡಕ್ಕೆ ಸಾರಿದವು:

"ಎಲ್ರೂ ಕೇಳಿ! ಐದು ಆನೆ, ಒಂದು ಮರಿ, ಹಳ್ಳ ದಾಟಿ ತೋಟಕ್ಕೆ ಇಳಿದಿದಾವೆ! ಕೆಲಸದೋರ್ನ ತಕ್ಷಣ ಹೊರಗೆ ಕರ್ಸಿ!"

ಆಮೇಲೆ ಕುಕ್ಕೆಗಳು ಉರುಳಿದವು. ಕೊಯ್ದ ಹಣ್ಣು ಮಣಿಸರ ಹರಿದಂತೆ ಇಳಿಜಾರಿನಲ್ಲಿ ಓಡಿತು, ಅದರ ಹಿಂದೆ ಜನ. ಎಲ್ಲರಿಗಿಂತ ಮುಂದೆ ತೋಟದ ರೈಟರ್ ನಿಂಗಯ್ಯ, ಆಳುಗಳ ಹಾಜರಿ ಪುಸ್ತಕವನ್ನು ಆನೆಯಿಂದ ಕಾಪಾಡುವ ಗುರಾಣಿಯಂತೆ ತಲೆಗೆ ಹಿಡಿದು. ಅರವತ್ತು ದಾಟಿದ ತಿಮ್ಮಮ್ಮ ಬಾಗಿಲು ತೆಗೆಯುವ ತಾಪತ್ರಯವಿಲ್ಲದ ಆ ಕಾರಿಗೆ ಹಿಂದಿನಿಂದ ಹತ್ತಿ ಬಾಸ್ ಬಾಕ್ಸಿನ ಮೇಲೆ ಪದ್ಮಾಸನ ಹಾಕಿದಳು. ಅವಳ ಹಿಂದೆ ಇನ್ನಿಬ್ಬರು.

"ಗಾಡಿ ಬಿಡಿ ಗೌಡ್ರೇ! ಎಂತ ನೋಡ್ತಾ ಕೂತೀರಿ!"

"ತಿಮ್ಮಮ್ಮ, ಆನೆ ಇಲ್ಲ, ಅದು ಮೊನ್ನೇದು—"

"ಮೊನ್ನೆ ಅಲ್ಲಿದ್ದದ್ದು ಇವತ್ತು ಇಲ್ಲಿಗೆ ಬಂದಿರ್ತದೆ! ಅದಕ್ಕೇನು ನಡಿಯೋಕೆ ಕಾಲಿಲ್ವಾ? ಬಿಡಿ ಗಾಡಿ!"

ಅಷ್ಟರಲ್ಲಿ ಫೋನ್ ಬಂತು. ಸಿದ್ದಬಸಪ್ಪ ಒಂದು ಸೌಲಭ್ಯ ಮಾಡಿಕೊಟ್ಟಿದ್ದ: "ನೀವು ಕೈಯೇ ಹಾಕ್ಬೇಡಿ ಸಾರ್, ಫೋನ್ ಬಂದ್ರೆ ಕಾರೇ ಎತ್ತುತ್ತದೆ." ಕಾರು ಎತ್ತಿತು.

"ರೀ, ಕೇಳಿದ್ರಾ ಇಲ್ವಾ?" ರಶ್ಮಿಯ ದನಿ ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ಓಡುತ್ತಿದ್ದವರು ನಿಂತರು. "ಮಾತಾಡಲ್ಲ ನೋಡಿ. ಕಾರು ಮಾರ್ಬೇಡಿ ಅಂತ ಸುಭದ್ರಕ್ಕನ ಹತ್ರ ಕೇಳೋಕೆ ನಿಮಗೇನು ದಾಡಿ? ಏಳು ತಿಂಗಳಿಂದ ಶೆಡ್ಡಿಗೆ ಹೋಗಿ ಆ ಕಾರೊಳಗೆ ಕೂತು ಅಳ್ತೀರಿ. ಪಲ್ಪರ್ ನೋಡಿ ಬರ್ತೀನಿ ಅಂತ ನಂಗೆ ಸುಳ್ಳು ಬೇರೆ. ಆಗಸ್ಟ್ ತಿಂಗಳಲ್ಲಿ, ಹಣ್ಣೇ ಇಲ್ದಿರೋವಾಗ, ಹಣ್ಣು ಸುಲಿಯೋ ಮಿಷನ್ನಲ್ಲಿ ಎಂತ ನೋಡೋದು? ಅತ್ತು ಬಂದು ಧೂಳು ಅಂತೀರಿ. ಸುರಿಯೋ ಮಳೇಲಿ ಧೂಳು! ಕೇಳಿ ಮಾರಾಯ್ರೇ, ಕೇಳಿದ್ರೆ ಅವ್ರೇನು ಹೊಡೀತಾರಾ? ... ಹಲೋ? ಆಯ್ತು, ಬರ್ತಾ ಹಸಿಮೆಣಸು ತನ್ನಿ."

ಫೋನ್ ಇಟ್ಟಳು.

ಗುಡ್ಡದ ಮೇಲೆ ಉಳಿದಿದ್ದ ಜನ ಕದಲದೆ ನಿಂತಿದ್ದರು. ನಿಂಗಯ್ಯ ಪುಸ್ತಕವನ್ನು ತಲೆಯಿಂದ ಇಳಿಸಿದ. ಪ್ರಸನ್ನಕುಮಾರ್ ಸ್ಟೀರಿಂಗನ್ನೇ ನೋಡುತ್ತಿದ್ದರು. ಈಗ ಆ ಐದು ಆನೆ, ಒಂದು ಮರಿ ನಿಜವಾಗಿ ಬಂದರೆ ಎಷ್ಟು ಉಪಕಾರವಾಗುತ್ತಿತ್ತು ಎಂದು ಅವರಿಗೆ ಅನ್ನಿಸಿತು.

"ಹಸಿಮೆಣಸು ಅಂದ್ರು ಗೌಡ್ರೇ" ಎಂದಳು ತಿಮ್ಮಮ್ಮ ಹಿಂದಿನಿಂದ, ಮೆಲ್ಲಗೆ.

ಸುಭದ್ರಕ್ಕ ಅವರ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಸಿಟ್ಟಿತ್ತು. "ನನ್ನ ಹತ್ರ ಒಂದು ಮಾತು ಕೇಳೋಕೆ ನಿಮಗೆ ಇಷ್ಟು ಸ್ಪೀಕರ್ ಬೇಕಾಯ್ತಾ ಪ್ರಸನ್ನಣ್ಣ?"

"ನಿಮ್ಮ ಕಾರು... ನಾನು ಹೆಂಗೆ ಕೇಳೋದು..."

"ನಾನು ಯಾಕೆ ಮಾರೋಕೆ ಹೊರಟೆ ಗೊತ್ತಾ? ಈ ಕಾರು ನಿಮ್ಮ ಶೆಡ್ಡಲ್ಲಿ ನಿಂತು ನಿಮ್ಮ ಕಾಫಿ ಮೂಟೆ ಎಲ್ಲ ವರಾಂಡಕ್ಕೆ ಬಂದಿದೆ. ನೋಡಿದಾಗೆಲ್ಲ ನಂಗೆ ಸಂಕಟ. ಪ್ರಸನ್ನಣ್ಣ ಇವ್ರ ಮುಲಾಜಿಗೆ ಬಿದ್ದು ಬೇಡ ಅನ್ನೋಕಾಗ್ದೆ ಒದ್ದಾಡ್ತಿದಾರೆ, ಎಷ್ಟು ದಿನ ಅಂತ ತೊಂದ್ರೆ ಕೊಡೋದು ಅಂತ ನಾನೇ ಅಣ್ಣಂಗೆ ಹೇಳಿ ಪಾರ್ಟಿ ಹುಡುಕ್ಸಿದ್ದು."

"ತೊಂದ್ರೇನಾ? ನಂಗಾ? ಒಂದು ಮಾತು ಕೇಳ್ಬಾರ್ದಿತ್ತಾ?"

"ನೀವು ಹೇಳ್ಬಾರ್ದಿತ್ತಾ? ಮಾರ್ತೀನಿ ಅಂದ್ರೆ ಒಳ್ಳೇದಾಯ್ತು ಅಂದ್ರಿ!"

ಏಳು ತಿಂಗಳು, ಒಂದು ಬೇಲಿಯ ಈಚೆ ಒಬ್ಬರು, ಆಚೆ ಒಬ್ಬರು, ಒಬ್ಬರಿಗೊಬ್ಬರು ತೊಂದರೆಯಾಗದಂತೆ ಬೇರೆ ಬೇರೆಯಾಗಿ ಅತ್ತಿದ್ದರು.

"ಅಣ್ಣಂಗೆ ಫೋನ್ ಮಾಡಿ ಬೇಡ ಅಂತೀನಿ" ಎಂದರು ಸುಭದ್ರಕ್ಕ ಮುಖ ಒರೆಸಿಕೊಂಡು. "ಕಾರು ಎಲ್ಲಿಗೂ ಹೋಗಲ್ಲ."

ಭಾನುವಾರದ ಬೆಳಿಗ್ಗೆಗಳು, ಬೆಟ್ಟದ ತಿರುವುಗಳು ಪ್ರಸನ್ನಕುಮಾರ್ ಅವರ ಕಣ್ಣೆದುರು ಸಾಲಾಗಿ ನಿಂತವು. ಒಬ್ಬರೇ ಆದರೇನು, ಕಾರಾದರೂ ಜೊತೆಗಿರುತ್ತದೆ.

"ಇಳೀರಿ" ಎಂದರು ಸುಭದ್ರಕ್ಕ.

"ಹ್ಞಾ?"

"ಈ ಕಡೆ ಬಿಡಿ. ನಾನು ಓಡಿಸ್ತೀನಿ."

"ಸುಭದ್ರಕ್ಕ, ಇದು ಜೀಪಿನಂಗಲ್ಲ, ತುಂಬ ತಗ್ಗು..."

"ಮೂವತ್ತು ವರ್ಷ ಬ್ರೇಕ್ ಸರಿ ಇಲ್ಲದ ಜೀಪು ಓಡ್ಸಿದೀನಿ. ಇದಕ್ಕೆ ಬ್ರೇಕ್ ಬೇರೆ ಇದೆ. ತಿಮ್ಮಮ್ಮ, ಮೂವರೂ ಇಳೀರಿ ಮಾರಾಯ್ತಿ, ಆನೆ ಬರಲ್ಲ. ರಶ್ಮೀನ ಕರ್ಕೊಂಡು ಸಂಸೆಗೆ ಹೋಗಿ ಬರ್ತೀನಿ. ನಮ್ಮಮ್ಮನ ಮನೆಗೆ ಹೋಗಿ ಏಳು ತಿಂಗಳಾಯ್ತು."

"ಸಂಸೆಗಾ! ನಾನೂ ಬರ್ತೀನಿ, ದಾರಿ..."

ಸುಭದ್ರಕ್ಕ ಕಾರಿನ ಒಳಗೆ ನೋಡಿದರು, ಅವರನ್ನು ನೋಡಿದರು. "ಎಲ್ಲಿ ಕೂರ್ತೀರಿ ಪ್ರಸನ್ನಣ್ಣ?"

ಕೆಂಪು ಕಾರು ಪ್ರಸನ್ನಕುಮಾರ್ ಎಂದೂ ಓಡಿಸದಷ್ಟು ನಯವಾಗಿ, ಒಂದು ಕಲ್ಲಿಗೂ ಹೊಟ್ಟೆ ತಾಗಿಸದೆ ಅವರ ಮನೆಯತ್ತ ಹೊರಟುಹೋಯಿತು.

ಅವರು ತಿರುಗಿ ನೋಡಿದರೆ ಅರ್ಧದಷ್ಟು ಆಳು ಆಗಲೇ ತಾವಿರುವ ಲೈನು ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಆನೆ ಇಲ್ಲವೆಂದು ಹೇಳಿ ಬರಲು ಹೋದವನೂ ವಾಪಸು ಬರಲಿಲ್ಲ. ನಿಂಗಯ್ಯ ಪುಸ್ತಕದ ಧೂಳು ಕೊಡವಿದ. "ಹಣ್ಣು ಉದುರ್ತಾ ಇದೆ ಗೌಡ್ರೇ. ತೋಟದ ಈ ಪಟ್ಟಿ ಕೊಯ್ಲು ಇವತ್ತು ಮುಗೀಲೇಬೇಕು. ಹೆದರ್ಸಿದೋರು ನೀವು. ಇನ್ನು ನಿಮ್ಮಿಷ್ಟ."

ಹೀಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತೆಂಟು ಎಕರೆಯ ಮಾಲೀಕರು ಸೊಂಟಕ್ಕೆ ಚೀಲ ಕಟ್ಟಿಕೊಂಡು ತಿಮ್ಮಮ್ಮನ ಪಕ್ಕದ ಸಾಲಿಗೆ ಇಳಿದರು. ಸ್ವಲ್ಪ ಹೊತ್ತಿಗೆ ಆಲ್ದೂರು ರಸ್ತೆಯ ಕಡೆಯಿಂದ ಧಡಂ ಧಡಂ ಎಂದು ಗುಡ್ಡ ಅದುರಿತು. ಯಾವುದೋ ಮದುವೆ ದಿಬ್ಬಣದ ಕುಣಿತದ ಹಾಡು. ರಶ್ಮಿ ತನ್ನ ಮೊಬೈಲಿನಿಂದ ಹಾಕಿರಬೇಕು. ಒಂದು ತಿರುವಿನಲ್ಲಿ ಮರೆಯಾಯಿತು, ಇನ್ನೊಂದು ತಿರುವಿನಲ್ಲಿ ಮತ್ತೆ ಕೇಳಿತು. ಹಾಡಿನ ಮೇಲೆ ಇಬ್ಬರು ಹೆಂಗಸರು ಏನಕ್ಕೋ ಬಿದ್ದು ಬಿದ್ದು ನಗುವುದು ಕೇಳಿಸಿದಂತಾಯಿತು. ಪ್ರಸನ್ನಕುಮಾರ್ ಕೊಂಬೆ ಹಿಡಿದುಕೊಂಡೇ ಕತ್ತು ನೀಳ ಮಾಡಿ ಮರಗಳ ಸಂದಿಯಲ್ಲಿ ಕೆಂಪು ಬಣ್ಣ ಹುಡುಕಿದರು.

"ಗೌಡ್ರೇ," ಎಂದಳು ತಿಮ್ಮಮ್ಮ ಅವರ ಚೀಲಕ್ಕೆ ಇಣುಕಿ, "ರಸ್ತೆ ಆಮೇಲೆ ನೋಡೀರಂತೆ. ಎಲ್ಲ ಹಸಿರು ಕಾಯಿ ಕಿತ್ತು ತುಂಬ್ತಾ ಇದೀರಿ. ಹಣ್ಣು ನೋಡಿ ಕೀಳಿ."